ಗಡಹಿಂಗ್ಲಜದ ಸುಪಾರಿ, ಪರವಾ

ಸೃಷ್ಟಿಸೌಂದರ್ಯ ನೋಡುವುದಕ್ಕಾಗಿ ಸೈಕಲ್ ತುಳಿಯಬೇಕೆಂಬ ಹುಚ್ಚು ನನಗೆ ಹತ್ತಿದ್ದು ಕೊಲ್ಹಾಪುರದ ಒಂದು ವಾಚನಾಲಯದಲ್ಲಿ. ಯಾವುದೋ ವಿಲಾಯತಿ ಪತ್ರಿಕೆಯಲ್ಲಿ ಒಂದು ಚಿತ್ರವಿತ್ತು: ಹಸಿರು ಬೇಲಿಗಳ ನಡುವೆ ಸಣ್ಣ ರಸ್ತೆ, ಅದರ ಮೇಲೆ ಬಾಯಲ್ಲಿ ಪೈಪು ಕಚ್ಚಿಕೊಂಡು ಸೈಕಲ್ ಹೊಡೆಯುತ್ತಿರುವ ಒಬ್ಬ ಸಾಹೇಬ, ದೂರದಲ್ಲಿ ಚರ್ಚಿನ ಗೋಪುರ. ಸಾಹೇಬನ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು. ಅನುಮಾನಪಡುವುದನ್ನೇ ಕಲಿತು, ಅದಕ್ಕೆ ಪುಣೆಯಲ್ಲಿ ಪದವಿಯನ್ನೂ ಪಡೆದು ಬಂದವನು ನಾನು. ಆದರೆ ಪದವಿ ಪಡೆದವರ ಅನುಮಾನ ಊರವರ ದೇವರ ಮೇಲೆ ಓಡುವಷ್ಟು ಸಲೀಸಾಗಿ ವಿಲಾಯತಿ ಪತ್ರಿಕೆಯ ಮೇಲೆ ಓಡುವುದಿಲ್ಲ.

ಇದು ಐವತ್ತೊಂಬತ್ತರ ಮಾತೋ ಅರವತ್ತೊಂದರದೋ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಆ ದಿನ ಕಬ್ಬು ಸೂಲಂಗಿ ಬಿಟ್ಟಿತ್ತು, ಬೆಲ್ಲದ ಗಾಣಗಳು ನಡೆದಿದ್ದವು, ಮತ್ತು ವೇದಗಂಗೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಈ ಮೂರೂ ಒಂದೇ ದಿನ ಕೂಡಿ ಬರಬೇಕಾದರೆ ಋತುಗಳು ಒಂದರ ಮೇಲೊಂದು ಮಗುಚಿ ಬಿದ್ದಿರಬೇಕು. ಯಾವುದಾದರೂ ಒಂದನ್ನು ಕೈಬಿಡಬೇಕಾಗಿದೆ. ನಾನು ಹೊಳೆಯ ನೀರನ್ನು ಕೈಬಿಟ್ಟಿದ್ದೇನೆ. ಉಳಿದದ್ದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಮಟ್ಟಿಗೆ ನಾನು ಅರ್ಧದಷ್ಟು ನಂಬುತ್ತೇನೆ.

ಆಗ ನಾನು ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಹಂಗಾಮಿಯಾಗಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ರಜೆ ಬಂತೆಂದರೆ ಇಚಲಕರಂಜಿಯ ಅಜ್ಜಿಯ ಮನೆ. ಅಲ್ಲಿ ನನ್ನ ತಾಯಿಯ ಕೊನೆಯ ತಮ್ಮ, ಅಂದರೆ ನನ್ನ ಮಾಮಾ, ಬಾಡಿಗೆಯ ಕೋಣೆಯಲ್ಲಿ ಪಾವರ್‌ಲೂಮ್ ಹಾಕಿಕೊಂಡಿದ್ದ. ನನಗಿಂತ ಕೆಲವೇ ವರ್ಷ ದೊಡ್ಡವನು. ಮದುವೆಯಾಗಿರಲಿಲ್ಲ. ನಮ್ಮವರಲ್ಲಿ ಅಕ್ಕನ ಮಗಳ ಮೇಲೆ ಮಾವನ ಹಕ್ಕು. ನಮ್ಮವ್ವನಿಗೆ ಹೆಣ್ಣು ಹುಟ್ಟಲಿಲ್ಲ, ನಾನು ಹುಟ್ಟಿದೆ. ಈ ಅಪರಾಧವನ್ನು ಮಾಮಾ ಎಂದೂ ಕ್ಷಮಿಸಲಿಲ್ಲ.

"ನೀ ಒಬ್ಬ ಹೆಣ್ಣಾಗಿ ಹುಟ್ಟಿದ್ದಿ ಅಂದ್ರ ಇಷ್ಟೊತ್ತಿಗಿ ನನ್ನ ಸಂಸಾರ ಸುರಳೀತ ನಡೀತಿತ್ತು ನೋಡ ಅಳಿಯಾ," ಎನ್ನುತ್ತಿದ್ದ.

"ಹುಟ್ಟಿದ್ರೂ ನಾ ನಿನ್ನ ಒಲ್ಲೆ ಅಂತಿದ್ನಿ ಮಾಮಾ."

"ಕೇಳಾವ್ರ ಯಾರಲೇ ನಿನ್ನ?"

ಇದನ್ನೆಲ್ಲ ಅವನು ಕೂಗಿಯೇ ಹೇಳುತ್ತಿದ್ದ. ಹಗಲೆಲ್ಲ ಮಗ್ಗದ ಖಟಾಖಟಿಯಲ್ಲಿ ಬದುಕುವವರಿಗೆ ಕಿವಿ ಅರ್ಧ ಮಂದವಾಗುತ್ತದೆ, ದನಿ ದುಪ್ಪಟ್ಟಾಗುತ್ತದೆ. ಆ ಊರಿನಲ್ಲಿ ಗುಟ್ಟು ಎಂಬ ವಸ್ತು ತಯಾರಾಗುತ್ತಿರಲಿಲ್ಲ; ಸೀರೆ, ಧೋತರ ಮಾತ್ರ ತಯಾರಾಗುತ್ತಿದ್ದವು.

ಹಿಂದಿನ ವರ್ಷ ಮಾಮಾ ಗಡಹಿಂಗ್ಲಜದಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದ. ಮೆಣಸಿನಕಾಯಿ ವ್ಯಾಪಾರಿಯ ಮಗಳು, ಅಲ್ಲಿನ ಹೆಣ್ಣುಮಕ್ಕಳ ಮರಾಠಿ ಸಾಲೆಯಲ್ಲಿ ಕಲಿಸುತ್ತಿದ್ದಳು. ಅವಳದೊಂದೇ ಷರತ್ತು: ಮದುವೆಯಾದ ಮೇಲೂ ನೌಕರಿ ಬಿಡುವುದಿಲ್ಲ. ಮರಾಠಿಯಲ್ಲಿ ಕಲಿಸುವ ಹೆಣ್ಣುಮಗಳಿಗೆ 'ಬಾಯಿ' ಎನ್ನುತ್ತಾರೆ. ಕನ್ನಡದಲ್ಲಿ ಬಾಯಿ ಎಂದರೇನು ಎಂಬುದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. "ನಮ್ಮನ್ಯಾಗ ಇರೂ ಬಾಯಿನ ಸಾಕಾಗ್ಯಾವು," ಎಂದಳು. ಆಮೇಲೆ, "ನೋಡೋಣು," ಎಂದಳು. ನಮ್ಮ ಮನೆಯಲ್ಲಿ 'ನೋಡೋಣು' ಎಂದರೆ ಮುಂದೆ ಆ ವಿಷಯ ಎತ್ತಬೇಡ ಎಂದರ್ಥ. ಮಾಮಾ ಎತ್ತಲಿಲ್ಲ. ಗಡಹಿಂಗ್ಲಜಕ್ಕೆ ಹೌದು ಎಂದೂ ಹೇಳಿಕಳಿಸಲಿಲ್ಲ, ಇಲ್ಲ ಎಂದೂ ಹೇಳಿಕಳಿಸಲಿಲ್ಲ. ಆದರೆ ಮಗ್ಗದ ಮುಂದೆ ನಿಂತು ಎಳೆ ಹರಿದದ್ದನ್ನೂ ಗಮನಿಸದಂತಾದ. ಕಿವಿಯ ಜೊತೆ ಕಣ್ಣೂ ಹೋಯಿತೇನೋ ಎಂದು ಅಜ್ಜಿ ಅವನಿಗೆ ನಿತ್ಯ ಗಜ್ಜರಿ ತಿನ್ನಿಸಿದಳು.

ಹೀಗಿರುವಾಗ ಒಂದು ಸಂಜೆ ಯಡ್ರಾವದ ನೂಲಿನ ವ್ಯಾಪಾರಿಯ ಲೆಕ್ಕ ಬರೆಯುವ ದಿವಾಣಜಿ ಮಗ್ಗದ ಕೋಣೆಗೆ ಬಂದ. ಅವನ ಹೆಂಡತಿಯ ತವರು ಗಡಹಿಂಗ್ಲಜ. ನಾನು ಅಲ್ಲಿಯೇ ಇದ್ದೆ. ಮಗ್ಗಗಳು ಓಡುತ್ತಿದ್ದವು. ಆತ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕೂಗಿದ: "ತುಮಚ್ಯಾ ಗಡಹಿಂಗ್ಲಜಚಿ ಸುಪಾರಿ ಪರವಾ..." ನಿಮ್ಮ ಗಡಹಿಂಗ್ಲಜದ ಸುಪಾರಿ, ಪರವಾ. ಇನ್ನೊಂದು ಶಬ್ದ ಹೇಳಿದ್ದು ಅವನ ತುಟಿಗಳಲ್ಲಿ ಕಂಡಿತು, ಕೇಳಲಿಲ್ಲ. ಹೊರಗೆ ಅವನ ಲಾರಿ ಹಾರ್ನು ಹಾಕುತ್ತಿತ್ತು. ಸೊಲ್ಲಾಪುರಕ್ಕೆ ಹೊರಟವನು ಓಡಿಹೋಗಿ ಹತ್ತಿಬಿಟ್ಟ.

ಸುಪಾರಿ ಒಡೆಯುವುದೆಂದರೆ ಸಂಬಂಧ ಪಕ್ಕಾ ಮಾಡುವುದು. ಎರಡೂ ಕಡೆಯ ಹಿರಿಯರ ಮುಂದೆ ಅಡಿಕೆ ಒಡೆದ ಮೇಲೆ ಮಾತು ತಿರುಗುವ ಹಾಗಿಲ್ಲ. ಅಷ್ಟು ತಿಳಿಯಿತು. ತಿಳಿಯದ್ದು 'ಪರವಾ'. ಮರಾಠಿಯ ಈ ಮಹಾಶಬ್ದ ಮೊನ್ನೆಗೂ ಒಂದೇ, ನಾಡಿದ್ದಿಗೂ ಒಂದೇ. ಆಗಿಹೋದದ್ದೋ ಆಗಬೇಕಾದದ್ದೋ ಎಂಬುದನ್ನು ಕೊನೆಗೆ ಬರುವ ಕ್ರಿಯಾಪದ ಹೇಳಬೇಕು. 'ಝಾಲಿ' ಎಂದರೆ ಆಯಿತು. 'ಆಹೇ' ಎಂದರೆ ಇದೆ. ಆ ಕ್ರಿಯಾಪದವನ್ನು ಮಾಮಾನ ಮಗ್ಗ ನುಂಗಿಬಿಟ್ಟಿತ್ತು. ಕನ್ನಡದಲ್ಲಿ ಇಂಥ ಪೇಚಿಲ್ಲ, ಮೊನ್ನೆ ಮೊನ್ನೆಯೇ. ಆದರೆ ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಸುದ್ದಿಯೆಲ್ಲ ಮರಾಠಿ.

ಮಾಮಾ ಮಗ್ಗ ನಿಲ್ಲಿಸಿದ. "ಆತು, ಮುಗೀತು," ಎಂದ.

"ಮುಗದೇತಿ ಅಂತ ಹ್ಯಾಂಗ ಗೊತ್ತು? ನಾಡದನೂ ಇರಬಹುದಲ್ಲ?"

"ಆಗದ ಸುಪಾರಿ ಸುದ್ದಿ ಯಾರರ ಹೇಳಾಕ ಬರ್ತಾರೇನಲೇ?"

"ಕರಿಯಾಕ ಬರಬಹುದು."

"ನನ್ನ ಕರೀತಾರು? ಅವರಿಗಿ ಮಾರಿ ತೋರಿಸಾಂಗ ನಡದೇನಿ ನಾನು?"

ಆಮೇಲೆ ಅವನಿಗೆ ಒಂದು ಔದಾರ್ಯ ಬಂತು. ಹೋಗಿ ಸಂತೋಷ ಹೇಳಿ ಬರಬೇಕು, ತಾನು ಮಾಡಿದ್ದು ತಪ್ಪಾಯಿತು ಎಂದು ಒಂದು ಮಾತು ಆಡಿ ಬರಬೇಕು, ಅಷ್ಟಾದರೆ ಮನಸ್ಸು ಹಗುರಾಗುತ್ತದೆ. ಆದರೆ ಗಡಹಿಂಗ್ಲಜದ ಬಸ್ಸಿನಲ್ಲಿ ಇಚಲಕರಂಜಿಯ ಅರ್ಧ ಪೇಟೆ ಇರುತ್ತದೆ. ಇವನು ಇಳಿಯುವುದರೊಳಗೆ ಸುದ್ದಿ ಅಜ್ಜಿಗೆ ಮುಟ್ಟುತ್ತದೆ. "ಅಳಿಯಾ," ಎಂದ, "ನೀ ಏನೋ ಸೈಕಲ್ ಮ್ಯಾಲ ಸೃಷ್ಟಿ ನೋಡ್ತೇನಿ ಅಂತ ಜೀವ ತಿಂತಿದ್ದೆಲ್ಲ. ಆ ಸೃಷ್ಟಿ ಗಡಹಿಂಗ್ಲಜದ ಕಡೇನೂ ಐತೇನು?"

ಇದ್ದೇ ಇರುತ್ತದೆ ಎಂದೆ. ಹೀಗೆ ನನ್ನ ನಿಸರ್ಗಯಾತ್ರೆಗೆ ಒಬ್ಬ ಸಹಯಾತ್ರಿಕ ಸಿಕ್ಕ. ಅವನಿಗೆ ಸೃಷ್ಟಿ ಬೇಕಾಗಿರಲಿಲ್ಲ. ನನಗೆ ಸುಪಾರಿ ಬೇಕಾಗಿರಲಿಲ್ಲ.

ಮರುದಿನ ನಸುಕಿನಲ್ಲಿ ಹೊರಟೆವು. ಒಂದು ರಾತ್ರಿ ಕಳೆದದ್ದರಿಂದ ಆ ಪರವಾ ಈಗ ಒಂದೋ ಆಚೆಮೊನ್ನೆ, ಇಲ್ಲವೇ ನಾಳೆ. ಇದನ್ನು ನಾನು ಮಾಮಾನಿಗೆ ಬಿಡಿಸಿ ಹೇಳಿದೆ. "ನಿನ್ನ ತರ್ಕ ಕ್ಯಾರಿಯರಿಗಿ ಕಟ್ಟು," ಎಂದ. ಅವನದು ನೂಲಿನ ಗಂಟು ಹೇರುವ ಸೈಕಲ್. ಕ್ಯಾರಿಯರ್ ಮೇಲೆ ಒಂದು ಸಂಸಾರ ಕೂಡಬಹುದಿತ್ತು. ಅವನು ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ ಹಾಕಿಕೊಂಡಿದ್ದ. ಸೋತವನು ಸ್ವಚ್ಛವಾಗಿ ಕಾಣಬೇಕು ಎಂಬುದು ಅವನ ಲೆಕ್ಕ.

ಹುಪರಿ ದಾಟುವವರೆಗೆ ಸೃಷ್ಟಿ ಸುಮಾರಾಗಿತ್ತು. ಆಮೇಲೆ ಕಾಗಲದ ಕಡೆಯ ಒಳರಸ್ತೆ ಹಿಡಿದೆವು. ಒಳರಸ್ತೆ ಎಂದರೆ ಕಬ್ಬಿನ ಗಾಡಿಗಳು ಕೊರೆದ ಎರಡು ಆಳದ ಜಾಡು, ನಡುವೆ ಒಂದು ದಿಬ್ಬ. ಜಾಡಿನಲ್ಲಿ ಹೋದರೆ ಪೆಡಲು ದಿಬ್ಬಕ್ಕೆ ತಾಗುತ್ತದೆ, ದಿಬ್ಬದ ಮೇಲೆ ಹೋದರೆ ಮನುಷ್ಯ ಜಾಡಿಗೆ ಬೀಳುತ್ತಾನೆ. ಎರಡೂ ಕಡೆ ಆಳೆತ್ತರದ ಕಬ್ಬು. ಇದು ಬಹಳ ಸುಂದರವಾದ ಬೆಳೆ ಎಂದು ಕವಿಗಳು ಹೇಳುತ್ತಾರೆ, ಇರಬಹುದು. ಆದರೆ ಅದರೊಳಗೆ ಹೊಕ್ಕವನಿಗೆ ಕಾಣುವುದು ಕಬ್ಬಿನ ಗೋಡೆ, ತಲೆಯ ಮೇಲೆ ಒಂದು ಪಟ್ಟಿ ಆಕಾಶ. ಒಂದು ತಾಸು ನಾನು ನೋಡಿದ ಭೂದೃಶ್ಯ ಮಾಮಾನ ಬೆನ್ನು.

ಮೊದಲನೆಯ ಹಳ್ಳಿಯಲ್ಲಿ ನೀರು ಕೇಳಿದೆವು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ ಮುದುಕಿ ನಮ್ಮ ಧೂಳನ್ನೂ ಸೈಕಲ್ಲುಗಳನ್ನೂ ನೋಡಿ, ಚರಗಿಯನ್ನು ಹಿಂದಕ್ಕೆ ಸರಿಸಿದಳು.

"ಮೊದಲ ಯಾರ ಹೋದ್ರು ಹೇಳ್ರಿ. ಸುದ್ದಿ ತಂದಾವ್ರಿಗಿ ನಾವು ನೀರ ಕೊಡಾಂಗಿಲ್ಲ."

ಆ ಕಾಲದಲ್ಲಿ ಹಳ್ಳಿಯ ಒಳರಸ್ತೆಯಲ್ಲಿ ಇಬ್ಬರು ಗಂಡಸರು ಹೇರಿಲ್ಲದ ಸೈಕಲ್ ಮೇಲೆ ಬಂದರೆಂದರೆ ಸಾವಿನ ಸುದ್ದಿಯೆಂದೇ ಅರ್ಥ. ಆ ಸುದ್ದಿ ಹೇಳುವವನು ಹೊಸ್ತಿಲು ದಾಟಬಾರದು, ನೀರು ಕುಡಿಯಬಾರದು.

"ಯಾರೂ ಹೋಗಿಲ್ಲಬೇ," ಎಂದೆ.

"ಮತ್ಯಾಕ ಬಂದೀರಿ?"

"ಸುಮ್ನ. ಊರು, ಹೊಲ ನೋಡಾಕ."

"ಇದೇನ್ ನೋಡ್ತೀರಿ? ಇಲ್ಲಿದ್ದಾವ್ರು ನಾವೇ ನೋಡೂದಿಲ್ಲ." ನನ್ನನ್ನು ಬಿಟ್ಟು ಮಾಮಾನ ಕಡೆ ತಿರುಗಿದಳು. "ಖರೇ ಹೇಳಪಾ, ನಿನ್ನ ಮಾರಿ ನೋಡಿದ್ರ ಯಾರೋ ಹೋಗ್ಯಾರ."

ಮಾಮಾ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳೇ ಕನಿಕರಪಟ್ಟು ನೀರು ಕೊಟ್ಟಳು, ಚರಗಿಯನ್ನು ತುಟಿಗೆ ತಾಗಿಸದೆ ಕುಡಿಯಿರಿ ಎಂದಳು. ಮುಂದಿನ ಎರಡು ಹಳ್ಳಿಗಳಲ್ಲಿಯೂ ಇದೇ ಪ್ರಶ್ನೆ ಬಂತು. ಅಲ್ಲಿಂದ ಮುಂದೆ ನಾನು ಸೃಷ್ಟಿಯ ಮಾತು ಬಿಟ್ಟು ದನ ಕೊಳ್ಳಲು ಹೊರಟಿದ್ದೇವೆ ಎಂದು ಹೇಳತೊಡಗಿದೆ. ಸುಳ್ಳು ಹೇಳಿದ ಮೇಲೆ ಜನ ನಮ್ಮನ್ನು ಬಹಳ ಗೌರವದಿಂದ ನಡೆಸಿಕೊಂಡರು.

ದಾರಿ ಕೇಳುವುದು ಬೇರೆಯೇ ಒಂದು ಪರೀಕ್ಷೆ. ಮರಾಠಿಯಲ್ಲಿ ಕೇಳಿದರೆ ನಮ್ಮ ಉಚ್ಚಾರ ಹಿಡಿದು ಕನ್ನಡದಲ್ಲಿ ಉತ್ತರ ಬರುತ್ತಿತ್ತು; ಕನ್ನಡದಲ್ಲಿ ಕೇಳಿದರೆ ನನ್ನ ಪ್ಯಾಂಟು ನೋಡಿ ಮರಾಠಿಯಲ್ಲಿ ಬರುತ್ತಿತ್ತು. ಯಾವ ಭಾಷೆಯಲ್ಲಿ ಬಂದರೂ ಅರ್ಥ ಒಂದೇ: "ಇಲ್ಲೇ ಐತ್ರಿ, ಒಂದ ಕೂಗಿನ ದಾರಿ." ಆ ಕಡೆಯವರು ಯಾವ ಗಂಟಲಿನಿಂದ ಕೂಗುತ್ತಿದ್ದರೋ ನಾನರಿಯೆ. ಕಾಗಲದಿಂದ ಮುರಗೂಡ ಎರಡು ಕೂಗು ಎಂದರು. ಬೆಳಗಿನ ಊಟದ ಹೊತ್ತು ಕಳೆದು ಬಿಸಿಲು ನೆತ್ತಿಗೆ ಬಂತು, ಕೂಗು ಮುಗಿಯಲಿಲ್ಲ.

ಮಾಮಾನ ಧೋತರ ಚೈನಿಗೆ ಸಿಕ್ಕಿದ್ದು ಈ ದಾರಿಯಲ್ಲಿಯೇ. ಅವನು ಭಾಷಣ ಕಲಿಯುತ್ತ ಹೋಗುತ್ತಿದ್ದ. "ಭಾಳ ಸಂತೋಷ ಆತ್ರಿ ಸಾವ್ಕಾರ್ರ. ಒಳ್ಳೆ ಮನಿ ಸಿಕ್ತು," ಎಂದು ಕಬ್ಬಿಗೆ ಕೇಳುವಂತೆ ಹೇಳಿ, ಕೈ ಮುಗಿಯುವುದನ್ನೂ ಅಭ್ಯಾಸ ಮಾಡಲೆಂದು ಹ್ಯಾಂಡಲ್ ಬಿಟ್ಟ. ಸೈಕಲ್ ಒಂದು ಕಡೆ, ಸಂತೋಷ ಒಂದು ಕಡೆ. ಹತ್ತಿರದ ಗಾಣದಲ್ಲಿದ್ದವರು ಓಡಿಬಂದು ಚೈನಿನ ಬಾಯಿಂದ ಧೋತರ ಬಿಡಿಸಿದರು. ಅಂಚಿನಲ್ಲಿ ಒಂದು ಗೇಣು ಅಲ್ಲಿಯೇ ಉಳಿಯಿತು, ಬಂದ ಭಾಗ ಗ್ರೀಸಿನಿಂದ ಕಪ್ಪಾಗಿತ್ತು. ಗಾಣದವರು ಬಿಸಿ ಬೆಲ್ಲ, ಕಬ್ಬಿನ ಹಾಲು ಕೊಟ್ಟರು. ಒಬ್ಬ ಧೋತರವನ್ನು ತಿರುಗಿಸಿ ಉಡುವ ಉಪಾಯ ಹೇಳಿದ. ಹಾಗೆ ಉಟ್ಟಾಗ ಕಪ್ಪು ಭಾಗ ಹಿಂದೆ ಹೋಯಿತು. "ಎದುರಿನವ್ರಿಗಿ ಕಾಣೂದಿಲ್ಲ, ಹೊಳ್ಳಿ ಹೋಗೂವಾಗ ಕಂಡ್ರ ಏನಾಕ್ಕೈತಿ?" ಎಂದ.

ವಿಚಿತ್ರವೆಂದರೆ, ಹಳ್ಳಿಗಳು ಸರಿದಂತೆ ಮಾಮಾ ಗೆಲುವಾಗುತ್ತ ಹೋದ. ಮನಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡವನಿಗೆ ಇನ್ನು ಯಾರಿಗೂ ಏನೂ ಹೇಳಬೇಕಿರಲಿಲ್ಲ. ಮುಖ್ಯವಾಗಿ ತನ್ನ ಅವ್ವನಿಗೆ. ತ್ಯಾಗಕ್ಕೆ ಖರ್ಚು ಕಡಿಮೆ. ನಾನು ಮಾತ್ರ ಸುಮ್ಮನಿರಲಾರದೆ ಮುರಗೂಡದ ಚಹಾದಂಗಡಿಯಲ್ಲಿ ಮತ್ತೆ ಶುರು ಮಾಡಿದೆ.

"ಮಾಮಾ, ಪರವಾಕ್ಕ ಅರ್ಥ ಎರಡ ಅದಾವು. ಎರಡರಾಗ ಒಂದ ನೀ ಯಾವ ಆಧಾರದ ಮ್ಯಾಲ ಆರಿಸಿದಿ?"

"ನನ್ನ ಹಣೇಬಾರದ ಮ್ಯಾಲ."

"ಹಣೇಬಾರ ಆಧಾರ ಅಲ್ಲ."

"ಹಂಗಾದ್ರ ನೀ ಹೇಳು. ಆಗೇತೋ, ಆಗೂದೈತೋ?"

"ನಿಶ್ಚಿತ ಹೇಳಾಕ ಬರೂದಿಲ್ಲ."

ಮಾಮಾ ಬಶಿಗೆ ಸುರಿದ ಚಹಾವನ್ನು ಊದಿ, "ಇದನ್ನ ಹೇಳಾಕ ನಿಮ್ಮಪ್ಪ ನಿನ್ನ ಪುಣೇಕ ಕಳಿಸಿದ್ದೇನು?" ಎಂದ.

ನಮ್ಮ ವಾದ ಕೇಳುತ್ತಿದ್ದ ಅಂಗಡಿಯವನಿಗೆ ತಡೆಯಲಾಗಲಿಲ್ಲ. ನಡುವೆ ಬಾಯಿ ಹಾಕಿ ಮರಾಠಿಯಲ್ಲಿ ತೀರ್ಪು ಕೊಟ್ಟ: "ಅಹೋ, ಪರವಾ ಮ್ಹಣಜೇ ಪರವಾಚ." ಪರವಾ ಎಂದರೆ ಪರವಾನೇ. ಕೂತವರೆಲ್ಲ ತಲೆದೂಗಿದರು. ತರ್ಕಶಾಸ್ತ್ರದಲ್ಲಿ ಇದಕ್ಕಿಂತ ನಿರ್ದುಷ್ಟವಾದ ವಾಕ್ಯ ನಾನು ಇಂದಿಗೂ ನೋಡಿಲ್ಲ.

ಮುಂದೆ ಹೊಳೆ. ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಮೊಣಕಾಲು ನೀರಿನಲ್ಲಿ ದಾಟಿದೆವು. ಅದರಾಚೆ ಕಾಪಶಿ. ಅಲ್ಲಿ ಮನೆಮನೆಯ ಮುಂದೆ ಚಪ್ಪಲಿ ಹೊಲಿಯುತ್ತ ಕೂತಿದ್ದರು; ಚಪ್ಪಲಿ ಮಾಡುವ ಊರಿನಲ್ಲಿ ಸೈಕಲ್ ಮೇಲೆ ಬಂದವರನ್ನು ಯಾರೂ ಓರೆಗಣ್ಣಿನಿಂದಲೂ ನೋಡಲಿಲ್ಲ. ಆಮೇಲೆ ಏರು. ಆ ಏರಿನ ತುದಿಯಲ್ಲಿ ನಿಂತಾಗ ಮಾತ್ರ, ನಾನು ಯಾವುದಕ್ಕಾಗಿ ಹೊರಟಿದ್ದೆನೋ ಅದು ಇತ್ತೆಂದು ಕಾಣುತ್ತದೆ: ಹಿಂದೆ ಹಸಿರು ಪಟ್ಟಿಗಳು, ಗಾಣಗಳ ಹೊಗೆ ಅಲ್ಲಲ್ಲಿ ನೆಟ್ಟಗೆ ಏರುತ್ತಿದ್ದದ್ದು, ಮುಂದೆ ಹಿರಣ್ಯಕೇಶಿಯ ಬಯಲು, ಕಲ್ಲುಬಂಡೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿಯ ಕೆಂಪು. ಕಂಡದ್ದು ನಿಜವೋ, ಆಮೇಲೆ ಯಾವುದೋ ಕ್ಯಾಲೆಂಡರಿನಿಂದ ತಂದು ಅಂಟಿಸಿದ್ದೋ ತಿಳಿಯದು. ಮಾಮಾನನ್ನು ಕೇಳಿದರೆ, "ಅಲ್ಲಿ ನಿನಗ ಕಾಲ ಹಿಡಕೊಂಡಿದ್ವು, ನೀ ಕಣ್ಣ ಮುಚ್ಚಿ ಕುಂತಿದ್ದಿ," ಎನ್ನುತ್ತಾನೆ.

ಗಡಹಿಂಗ್ಲಜ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ವ್ಯಾಪಾರಿಯ ಮನೆಯ ಮುಂದಿನ ಪಡಸಾಲೆ ಎಂದರೆ ಮೆಣಸಿನಕಾಯಿಯ ರಾಶಿ. ಇಬ್ಬರು ಹೆಂಗಸರು ತೊಟ್ಟು ಬಿಡಿಸುತ್ತ ಕೂತಿದ್ದರು. ಗೋಡೆಗೆ ಹೊಸದಾಗಿ ಸುಣ್ಣ ಹಚ್ಚಿತ್ತು. ಅದನ್ನು ನೋಡಿ ಮಾಮಾ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬೇರಿಸಿದ. ವ್ಯಾಪಾರಿ ಒಳಗಿನಿಂದ ಬಂದ. ಗುರುತು ಹಿಡಿದ. ಹತ್ತು ತಿಂಗಳು ಮಾತಿಲ್ಲದೆ ಕೂತವನನ್ನು ಎದುರುಗೊಳ್ಳುವಾಗ ಮನುಷ್ಯ ಎಷ್ಟು ನಗಬಹುದೋ ಅಷ್ಟು ನಕ್ಕು, "ಬರ್ರಿ," ಎಂದ.

ಮಾಮಾ ಕೈ ಮುಗಿದ. "ಭಾಳ ಸಂತೋಷ ಆತ್ರಿ ಸಾವ್..." ಎನ್ನುವಷ್ಟರಲ್ಲಿ ಘಾಟು ಮೂಗಿಗೇರಿ ಸೀನಿದ. ಮತ್ತೆ ಮೊದಲಿನಿಂದ ಆರಂಭಿಸಿದ. ಮತ್ತೆ ಸೀನಿದ. ನಾನೂ ಸೀನಿದೆ. ಮೂರನೆಯ ಸಲಕ್ಕೆ ಭಾಷಣ ಪೂರ್ತಿಯಾಯಿತು: "ಒಳ್ಳೆ ಮನಿ ಸಿಕ್ತು. ಆಚಿಮೊನ್ನಿ ಸುಪಾರಿ ಆತಂತ ಕೇಳಿ ಬಂದ್ನಿ."

ವ್ಯಾಪಾರಿ ನಮ್ಮಿಬ್ಬರನ್ನೂ ನೋಡಿದ. "ಆಚಿಮೊನ್ನಿ? ಆಚಿಮೊನ್ನಿ ಅಮಾಸಿ ಇತ್ತಲ್ರಿ. ಅಮಾಸಿ ದಿನ ಯಾರರ ಸುಪಾರಿ ಒಡೀತಾರೇನು? ನಾಳಿಗಿ ಐತಿ. ಅವ್ರಿನ್ನಾ ಬರಬೇಕು, ಮಾತಾಡಬೇಕು, ಮನಸಿಗಿ ಬಂದ್ರ ಒಡೀಬೇಕು."

ಅಮಾವಾಸ್ಯೆ. ಅಂದು ಮಾಮಾ ತನ್ನ ಕೈಯಾರೆ ಮಗ್ಗಗಳಿಗೆ ಕಾಯಿ ಒಡೆದಿದ್ದ. ಪೂಜೆಯನ್ನು ಗೇಲಿ ಮಾಡುತ್ತ ನಾನು ಕೊಬ್ಬರಿ ತಿಂದಿದ್ದೆ. ಶಬ್ದದ ಎರಡು ಅರ್ಥಗಳನ್ನು ಊರೂರಿಗೆ ಹೊತ್ತು ತಿರುಗಿದ ತಾರ್ಕಿಕನಿಗೆ, ಗೋಡೆಯ ಮೇಲಿನ ಪಂಚಾಂಗ ನೋಡುವುದು ಮಾತ್ರ ತನ್ನ ಅಂತಸ್ತಿಗೆ ತಕ್ಕದ್ದಾಗಿರಲಿಲ್ಲ.

ಮಾಮಾನ ಮುಖ ಅರಳಿತೆಂದು ನೀವು ಭಾವಿಸಬಹುದು. ಹೆಣ ಎದ್ದು ಕೂತರೆ ಸುತ್ತ ಅಳುತ್ತಿದ್ದವರ ಮುಖ ಹೇಗಾದೀತೋ ಹಾಗಾಯಿತು. ಆಗಿಹೋದದ್ದಕ್ಕೆ ಅವನಲ್ಲಿ ಭಾಷಣ ಸಿದ್ಧವಿತ್ತು. ಆಗಬೇಕಾದದ್ದಕ್ಕೆ ಒಂದು ಶಬ್ದವೂ ಇರಲಿಲ್ಲ. ಚಹಾ ಬಂತು. ಅವನು ಬಶಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ನಾನು ಮೊಣಕೈಯಿಂದ ತಿವಿದೆ. ಅವನು ಮಳೆ ಬೆಳೆ ವಿಚಾರಿಸಿದ.

ಅಷ್ಟರಲ್ಲಿ ಅವಳು ಸಾಲೆಯಿಂದ ಬಂದಳು. ಸೀರೆಯ ಸೆರಗಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಹೊರಗಿನ ಸೈಕಲ್ಲುಗಳನ್ನು ನೋಡಿಕೊಂಡೇ ಒಳಗೆ ಬಂದಿದ್ದಳು. ತಂದೆ ವಿಷಯ ಹೇಳಿದ: ಇವರಿಗೆ ತಪ್ಪು ಸುದ್ದಿ ಮುಟ್ಟಿದೆ, ಸಂತೋಷ ಹೇಳಲು ಬಂದಿದ್ದಾರೆ.

"ಇಚಲಕರಂಜಿಯಿಂದ ಸೈಕಲ್ ಮ್ಯಾಲ?" ಎಂದಳು ಅವಳು. "ಸಂತೋಷ ಆತು ಅಂತ ಹೇಳಾಕ?"

"ಹೌದ್ರಿ," ಎಂದ ಮಾಮಾ. ತುಸು ತಡೆದು, "ಇಲ್ರಿ," ಎಂದ.

"ಒಂದ ಏನರ ಹೇಳ್ರಿ."

ಇಲ್ಲಿಂದ ಮುಂದೆ ಮೂರು ವರದಿಗಳಿವೆ. ಮಾಮಾ ಹೇಳುವಂತೆ ಅವನು ಬಹಳ ಸಾವಕಾಶವಾಗಿ, ಅವಳಿಗೊಬ್ಬಳಿಗೇ ಕೇಳುವಂತೆ ತನ್ನ ಮನಸ್ಸು ತಿಳಿಸಿದ. ಅವಳು ಹೇಳುವಂತೆ ಅವನು ಏನೂ ಹೇಳಲಿಲ್ಲ, ಸೀನಿದ ಅಷ್ಟೇ, ಅವಳಿಗೆ ಅಯ್ಯೋ ಎನಿಸಿತು. ನನ್ನ ಕಿವಿಗೆ ಬಿದ್ದದ್ದು ಬೇರೆ. ಅವನು ಸಾವಕಾಶವಾಗಿಯೇ ಹೇಳಬೇಕೆಂದು ಮುಂದೆ ಬಾಗಿದ್ದು ನಿಜ. ಆದರೆ ಮಗ್ಗದವರಿಗೆ ಸಾವಕಾಶದ ದನಿ ಇರುವುದಿಲ್ಲ.

"ನೀವು ನೌಕರಿ ಬಿಡೂದ ಬ್ಯಾಡ್ರಿ. ನಾ ನಿಮ್ಮನ್ನ ಮಾಡ್ಕೋತೇನಿ."

ತೊಟ್ಟು ಬಿಡಿಸುತ್ತಿದ್ದ ಹೆಂಗಸರ ಕೈ ನಿಂತಿತು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಂಡಿತು, ಅದರ ಮೇಲೆ ಇನ್ನೊಂದು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಎತ್ತುಗಳನ್ನು ನಿಲ್ಲಿಸಿದ. ತಾನು ಆಡಿದ್ದು ಎಷ್ಟು ದೂರ ಹೋಯಿತೆಂದು ಮಾಮಾನಿಗೆ ತಿಳಿಯಲೇ ಇಲ್ಲ. ಅವನ ಕಿವಿಗೆ ಅದು ಪಿಸುಮಾತೇ.

ಅವಳು ಬಾಗಿಲಾಚೆ ಒಮ್ಮೆ ನೋಡಿ ಬಂದಳು. "ಊರಿಗೆಲ್ಲಾ ಕೇಳ್ತು," ಎಂದಳು. "ನಿಮ್ಮವ್ವಾರಿಗಿ ಕೇಳೇತೇನು?"

ಮಾಮಾ ಬಶಿ ಕೆಳಗಿಟ್ಟ. ವ್ಯಾಪಾರಿ ಗಂಟಲು ಸರಿಮಾಡಿಕೊಂಡ. ನ್ಯಾಯದ ಮನುಷ್ಯ. ಬರುವವರಿಗೆ ತಾನಿನ್ನೂ ಮಾತು ಕೊಟ್ಟಿಲ್ಲ, ಆದರೆ ಬರ್ರಿ ಎಂದವರಿಗೆ ಬರಬೇಡಿ ಎನ್ನುವ ಪೈಕಿ ಅಲ್ಲ, ಎಂದ. "ನಾಳೆ ಊಟದ ಹೊತ್ತಿಗಿ ಅವ್ರು ಬರ್ತಾರ. ಅದಕಿಂತ ಮೊದಲ ನಿಮ್ಮವ್ವಾರು ಇಲ್ಲಿ ಬಂದು ಹೂಂ ಅಂದ್ರ ನಿಮ್ಮದು. ಇಲ್ಲಂದ್ರ ನಿಮ್ಮ ಸಂತೋಷ ಏನ್ ಹೇಳೀರಿ, ಅದನ್ನ ನಾ ಇಟಗೋತೇನಿ."

ಸೈಕಲ್ಲುಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿದೆವು. ಬಸ್ಸಿನಲ್ಲಿ ಇಚಲಕರಂಜಿಯ ಪೇಟೆಯ ಜನ ತುಂಬಿದ್ದರು. ಎಲ್ಲಿ ಹೋಗಿದ್ದೆ ಎಂದು ಕೇಳಿದವರಿಗೆಲ್ಲ ಮಾಮಾ, "ಹೆಣ್ಣ ಕೇಳಾಕ," ಎಂದು ಹೇಳುತ್ತ ಬಂದ. ಹೇಳುತ್ತ ಹೇಳುತ್ತ ರೂಢಿಯಾಗಲಿ ಎಂದಿರಬೇಕು.

ಮನೆ ಮುಟ್ಟಿದಾಗ ರಾತ್ರಿಯಾಗಿತ್ತು. ಬಾಗಿಲು ಬಡಿದ ಸದ್ದಿಗೆ ಎದ್ದ ಅಜ್ಜಿ ದೀಪ ಹಚ್ಚುತ್ತಿದ್ದಳು. ಮಾಮಾ ಧೂಳು ಕೂಡ ಝಾಡಿಸದೆ ಎದುರಿಗೆ ಹೋಗಿ ನಿಂತ.

"ಅವ್ವಾ, ನಾಳೆ ಮುಂಜಾನೆ ಮೊದಲನೇ ಬಸ್ಸಿಗಿ ಗಡಹಿಂಗ್ಲಜಕ್ಕ ನಡಿ. ನಾ ಆ ಬಾಯಿನ್ನ ಮಾಡ್ಕೋತೇನಿ."

ಅಜ್ಜಿ ಕಡ್ಡಿ ಆರಿಸಿದಳು. "ನಾ ಬ್ಯಾಡ ಅಂದಿದ್ನೇನು?"

"ನೋಡೋಣು ಅಂದಿದ್ದಿ."

"ನೋಡೋಣು ಅಂದ್ರ ನೋಡೋಣು. ಬ್ಯಾಡ ಅನ್ನೂದಿದ್ರ ಬ್ಯಾಡ ಅಂತಿದ್ನಿ. ನನಗ ಬಾಯಿ ಇಲ್ಲೇನು?"

ನಾನು ಹುಟ್ಟಿದಾಗಿನಿಂದ 'ನೋಡೋಣು' ಎಂಬುದಕ್ಕಿದ್ದ ಅರ್ಥವನ್ನು ಅವಳು ಆ ರಾತ್ರಿ ನಿಂತ ನಿಲುವಿನಲ್ಲಿ ಬದಲಿಸಿದಳು. ವಾದಿಸಲು ನಾನು ಬಾಯಿ ತೆರೆದೆ. ಮಾಮಾ ನನ್ನ ಕಾಲು ತುಳಿದ.

ಮರುದಿನ ಬೆಳಿಗ್ಗೆ ಅಜ್ಜಿ ಇಲಕಲ್ ಸೀರೆ ಉಟ್ಟು ಆ ಮೆಣಸಿನಕಾಯಿಯ ಪಡಸಾಲೆಯಲ್ಲಿ ಕೂತಳು. ಸೀನಲಿಲ್ಲ. ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಕೇಳಿದಳು: "ಸಾಲಿ ಎಷ್ಟಕ್ಕ ಬಿಡ್ತೇತಿ?"

"ಐದಕ್ಕ್ರಿ."

"ಐದಕ್ಕ ಬಿಟ್ರ, ನಡಕೋತ ಬಂದ್ರ, ರೊಟ್ಟಿ ಯಾರ ಬಡಿಯೋರು?"

"ನಾ ಬಡೀತೇನಿ," ಎಂದು ಮಾಮಾ ಕೂಗಿದ.

ಒಳಗಿನ ಹೆಂಗಸರು ನಕ್ಕರು. ಅಜ್ಜಿ ಅವನ ಕಡೆ ತಿರುಗದೆಯೇ, "ನೀ ಸುಮ್ನಿರು. ನೀ ಬಡದ ರೊಟ್ಟಿ ನೇಯಾಕ ಬರ್ತಾವು, ತಿನ್ನಾಕ ಬರೂದಿಲ್ಲ," ಎಂದಳು. ಹುಡುಗಿ ನಗಲಿಲ್ಲ. "ನಸಿಕಿನ್ಯಾಗ ಎದ್ದು ಬಡದಿಟ್ಟ ಹೋಗ್ತೇನ್ರಿ ಅತ್ತಿ," ಎಂದಳು.

ಅತ್ತೆ ಎಂಬ ಶಬ್ದ ಅಜ್ಜಿಗೆ ಹಿಡಿಸಿತು. ಅದನ್ನು ತೋರಗೊಡದೆ ಕತ್ತು ಕೊಂಕಿಸಿದಳು. "ತಣ್ಣನ ರೊಟ್ಟಿ ನನಗ ಸೇರೂದಿಲ್ಲ. ಅವನ್ನ ನಾ ಬಡೀತೇನಿ. ಆದ್ರ ಒಂದ ಷರತ್ತ ಐತಿ. ಮನ್ಯಾಗ ಸಾಲ್ಯಾಗಿನಂಗ ಮರಾಠಿ ಮಾತಾಡಬಾರ್ದು. ನಮ್ಮನ್ಯಾಗ ಮರಾಠಿ ಬಿಲಕುಲ್ ಚಾಲಣಾರ್ ನಾಹೀ."

'ನಡೆಯುವುದೇ ಇಲ್ಲ' ಎಂಬ ಆ ಕೊನೆಯ ಮಾತನ್ನು ಯಾವ ಭಾಷೆಯಲ್ಲಿ ಆಡಿದಳೆಂಬುದು ಅವಳಿಗೆ ಹೊಳೆಯಲಿಲ್ಲ. ಹುಡುಗಿಗೆ ಹೊಳೆಯಿತು. ಅವಳು ತಲೆ ಬಗ್ಗಿಸಿ, "ಹೂಂ ರೀ," ಎಂದಳು, ಶುದ್ಧ ಕನ್ನಡದಲ್ಲಿ. ಅವಳ ಭುಜ ಅಲುಗುತ್ತಿತ್ತು. ವ್ಯಾಪಾರಿ ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದ.

ಊಟದ ಹೊತ್ತಿಗೆ ಆ ಇನ್ನೊಬ್ಬರು ಬಂದರಂತೆ. ನಾವು ಅಷ್ಟರಲ್ಲಿ ಹೊರಟಿದ್ದೆವು. ಅವರಿಗೆ ಊಟ ಹಾಕಿದರೆಂದೂ, ಅವರು ಉಂಡರೆಂದೂ ಆಮೇಲೆ ಕೇಳಿದೆವು. ಏನೆಂದು ಹೇಳಿ ಕಳಿಸಿದರೆಂಬುದನ್ನು ಮಾತ್ರ ಮಾಮಿ ಇಂದಿಗೂ ಹೇಳಿಲ್ಲ. ಮದುವೆಯಾಗಿ ಇಚಲಕರಂಜಿಯ ಸಾಲೆಗೆ ವರ್ಗವಾಗಿ ಬಂದಳು. ನೌಕರಿ ಬಿಡಲಿಲ್ಲ. ರೊಟ್ಟಿ ಅಜ್ಜಿಯೇ ಬಡಿದಳು, ಕೈ ನಡೆಯುವವರೆಗೆ ಬಡಿದಳು. ಸಂಜೆ ಯಾರಾದರೂ ನೆರೆಯವರು ಬಂದರೆ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: "ಸೊಸಿ ಸಾಲಿಗಿ ಹೋಗ್ಯಾಳ್ರಿ. ನಾ ಇಲ್ಲಿ ಹೊಗಿ ಕುಡೀಲಿಕ್ಕತ್ತೇನಿ." ಅದು ದೂರೋ ಜಂಬವೋ ಎಂದು ನಾನು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ. ದೂರೆಂದು ತಿಳಿದು ಒಮ್ಮೆ ಒಬ್ಬಾಕೆ ಸೊಸೆಯ ಬಗ್ಗೆ ಒಂದು ಮಾತು ಸೇರಿಸಿದಳು. ಅಜ್ಜಿ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ನಾದುವ ಕೊಣಮಿಗೆಯಲ್ಲಿಟ್ಟು, ಅವಳನ್ನು ಎಬ್ಬಿಸಿ ಬಾಗಿಲಾಚೆ ಕಳಿಸಿ ಬಂದು, ಮತ್ತೆ ಬಡಿಯಲು ಕೂತಳು.